ಚಿತ್ರಪುಸ್ತಕವೂ ಅನುಕಂಪವೂ

ಎಳೆಯ ಮಕ್ಕಳ ಕೈಗೆ ಚಿತ್ರಪುಸ್ತಕಗಳನ್ನು ಕೊಟ್ಟು, ನುಡಿ ನಡೆ ಮತಾಚಾರಗಳಲ್ಲಿ ತಮ್ಮಂತಲ್ಲದ ಜನರ ವಿಷಯದಲ್ಲಿ ಅವರಿಗೆ ಮರುಕ ಹುಟ್ಟುವಂತೆ ಮಾಡಬೇಕೆಂಬ ಮಾತು ಈಚೆಗೆ ಶಿಕ್ಷಕರ ಸಭೆಗಳಲ್ಲಿ ಆಗಾಗ ಕೇಳಿಬರುತ್ತಿದೆ. ಇದು ಪಶ್ಚಿಮ ದೇಶಗಳಿಂದ ಬಂದ ಹೊಸ ಪದ್ಧತಿಯೆಂದು ಬಗೆದು ಕೆಲವರು ತಲೆದೂಗುವರು. ಅದೇ ಕಾರಣದಿಂದ ಕೆಲವರು ಮೂಗು ಮುರಿಯುವರು. ಎರಡು ಪಕ್ಷದವರೂ ವಿಷಯದ ಪೂರ್ವಚರಿತ್ರೆಯನ್ನು ವಿಚಾರಿಸಿದಂತೆ ತೋರುವುದಿಲ್ಲ. ಚಿತ್ರ, ಕಥೆ, ಮರುಕ ಈ ಮೂರೂ ಒಂದೆಡೆ ಕೂಡಿದ್ದು ನಮ್ಮ ನಾಡಿನಲ್ಲಿ ಬಹು ಹಿಂದಿನ ಸಂಗತಿ. ಆದರೆ ಚಿತ್ರವೂ ಕಥೆಯೂ ಕೂಡಿದಲ್ಲೆಲ್ಲ ಫಲವು ಒಂದೇ ಆಗಿಲ್ಲವೆಂಬುದೂ ಅಷ್ಟೇ ದಿಟ. ಎಲ್ಲಿ ಮರುಕ ಹುಟ್ಟಿತು, ಎಲ್ಲಿ ಬರಿಯ ಜಾಣತನ ಹುಟ್ಟಿತು, ಎಲ್ಲಿ ದ್ವೇಷವೇ ಹುಟ್ಟಿತು ಎಂಬುದನ್ನು ಚರಿತ್ರೆಯ ಕೆಲವು ನಿದರ್ಶನಗಳಿಂದ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರ ನಮ್ಮ ಕಡೆಯವರಿಗೆ ಕೇವಲ ಪಾಂಡಿತ್ಯದ ಮಾತಲ್ಲ. ಯಲಹಂಕ, ಹೆಬ್ಬಾಳ, ಯಶವಂತಪುರಗಳ ಸುತ್ತಿನ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಈಗ ಕಲಿಯುತ್ತಿರುವ ಮಕ್ಕಳು ಯಾರೆಂಬುದನ್ನು ವಾಚಕರು ಒಮ್ಮೆ ಹೋಗಿ ನೋಡಬಹುದು. ಕನ್ನಡ, ತೆಲುಗು, ತಮಿಳು, ಉರ್ದು ಮಾತಾಡುವವರು ಇಲ್ಲಿ ಮೊದಲಿನಿಂದಲೂ ಉಂಟಷ್ಟೆ. ಯಶವಂತಪುರದ ರೈಲು ನಿಲ್ದಾಣವೂ ಮಂಡಿಯೂ, ಯಲಹಂಕದ ಗಾಲಿ ಅಚ್ಚುಗಳ ಕಾರ್ಖಾನೆಯೂ, ಅದರಾಚೆ ದಿನದಿನಕ್ಕೆ ಏಳುತ್ತಿರುವ ಬಹುಮಹಡಿಯ ಮನೆಗಳೂ ಇವರ ಜೊತೆಗೆ ಬಿಹಾರ, ಒಡಿಶಾ, ಬಂಗಾಳ, ನೇಪಾಳಗಳ ಕೂಲಿಕಾರರನ್ನು ಕರೆತಂದಿವೆ. ನಮ್ಮದೇ ಯಾದಗಿರಿ, ಕಲಬುರಗಿ, ರಾಯಚೂರುಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಸಂಸಾರಗಳೂ ಅನೇಕ. ಇವರೆಲ್ಲರ ಮಕ್ಕಳೂ ಒಂದೇ ಚಾಪೆಯ ಮೇಲೆ ಕುಳಿತಿರುತ್ತಾರೆ. ಅಲ್ಲಿ ನಾನು ಕಂಡ ಒಂದು ವಿಚಿತ್ರವೇನೆಂದರೆ, ತೀರ ಬೇರೆ ಭಾಷೆಯನ್ನಾಡುವ ಮಗುವನ್ನು ಉಳಿದ ಮಕ್ಕಳು ಬೆರಗಿನಿಂದ ನೋಡಿ ಸುಮ್ಮನಾಗುವರು. ಕನ್ನಡವನ್ನೇ ಬೇರೆ ರಾಗದಲ್ಲಿ ಆಡುವ ಯಾದಗಿರಿಯ ಮಗುವನ್ನು ಮಾತ್ರ ಬಿಡದೆ ಅಣಕಿಸುವರು. ದೂರದವನಿಗಿಂತ ಹತ್ತಿರವಿದ್ದೂ ಬೇರೆಯಾದವನು ನಗೆಗೀಡಾಗುವುದು ದೊಡ್ಡವರ ಲೋಕದಲ್ಲಿಯೂ ಇರುವುದರಿಂದ ಮಕ್ಕಳನ್ನು ಮಾತ್ರ ದೂರಿ ಫಲವಿಲ್ಲ.

ಮೊದಲು ಪದದ ವಿಚಾರ. ನಾವು ಸಾಮಾನ್ಯವಾಗಿ 'ದಯೆ' ಎನ್ನುತ್ತೇವೆ. ಧಾತುಪಾಠದಲ್ಲಿ ಇದರ ಮೂಲಧಾತುವಿಗೆ ಕೊಡುವುದು, ಹೋಗುವುದು, ಕಾಪಾಡುವುದು ಎಂಬವುಗಳ ಜೊತೆಗೆ ಹಿಂಸಿಸುವುದು, ತೆಗೆದುಕೊಳ್ಳುವುದು ಎಂಬ ಅರ್ಥಗಳನ್ನೂ ಹೇಳಿದೆ. ಪಾಠಶಾಲೆಯಲ್ಲಿ ಇದನ್ನು ಕಂಠಪಾಠ ಮಾಡುವಾಗ ನಮಗೆ ನಗು ಬರುತ್ತಿತ್ತು. ಒಂದೇ ಧಾತುವಿನಿಂದ ಕಾಪಾಡುವುದೂ ಹಿಂಸಿಸುವುದೂ ಹೇಗೆಂದು. ಈಗ ಯೋಚಿಸಿದರೆ ವೈಯಾಕರಣರು ಲೋಕವನ್ನು ಬಲ್ಲವರೇ ಎನ್ನಿಸುತ್ತದೆ. ಮೇಲೆ ನಿಂತವನು ಕೆಳಗಿರುವವನಿಗೆ ಕೊಡುವ ದಯೆಯಲ್ಲಿ, ಪಡೆಯುವವನಿಂದ ಏನನ್ನೋ ಕಸಿದುಕೊಳ್ಳುವುದೂ ಸೇರಿರುತ್ತದೆ. 'ಅನುಕಂಪ' ಎಂಬ ಮಾತಿನ ಬಗೆ ಬೇರೆ. ಕಂಪವೆಂದರೆ ನಡುಕ, ಅನುವೆಂದರೆ ಅನುಸರಿಸಿ, ಜೊತೆಯಲ್ಲಿ. ಇನ್ನೊಬ್ಬನು ನಡುಗುವಾಗ ನೋಡುವವನೂ ಒಡನೆ ನಡುಗುವುದು ಅನುಕಂಪ. ಅದರಲ್ಲಿ ಮೇಲು ಕೆಳಗೆಂಬುದಿಲ್ಲ. ಮಗುವಿಗೆ ಪುಸ್ತಕದಿಂದ ಆಗಬೇಕಾದದ್ದು ಇದು. 'ಅಯ್ಯೋ ಪಾಪ' ಎಂದು ಹೇಳಿಸುವುದು ಇದಲ್ಲ.

ಇನ್ನು ಚಿತ್ರವೂ ಬರಹವೂ ಕೂಡಿದ ಹಳೆಯ ವಸ್ತುಗಳು. ವೀರಗಲ್ಲುಗಳೆಲ್ಲ ಒಂದು ವಿಧದಲ್ಲಿ ಕಲ್ಲಿನ ಚಿತ್ರಪುಸ್ತಕಗಳೇ. ನಮ್ಮ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ಕಲ್ಲು ಗಂಗರಾಜ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ. ಶ. 750ರದು, ಬೆಂಗಳೂರಿನ ಮಟ್ಟಿಗೆ ತಿಳಿದಿರುವ ಕನ್ನಡ ಶಾಸನಗಳಲ್ಲಿ ಅತ್ಯಂತ ಪ್ರಾಚೀನವಾದದ್ದು. ದಾಳಿಯಿಟ್ಟವರನ್ನು ಎದುರಿಸಿ ಮಡಿದ ಒಬ್ಬನ ಸ್ಮರಣೆ ಅದರಲ್ಲಿದೆ. ಇಂಥ ಕಲ್ಲುಗಳು ಊರಿನ ಮಕ್ಕಳಿಗೆ ಕಲಿಸಿದ್ದು ತಮ್ಮವರ ಮೇಲಣ ಅಭಿಮಾನವನ್ನು. ಅದು ದೊಡ್ಡ ಗುಣವೇ ಸರಿ. ಆದರೆ ವೀರಗಲ್ಲಿನ ಕೆಳಗಣ ಅಂತಸ್ತಿನಲ್ಲಿ ಬಿದ್ದಿರುವ ಎದುರಾಳಿಗೆ ಹೆಸರಿರುವುದು ಅಪರೂಪ. ಅವನ ಮನೆಯಲ್ಲಿ ಅತ್ತವರು ಯಾರೆಂದು ಕಲ್ಲು ಹೇಳುವುದಿಲ್ಲ. ಹೇಳಬೇಕಾದ್ದು ಅದರ ಕೆಲಸವೂ ಅಲ್ಲ.

ಬೇರೆ ಬಗೆಯ ಕಲ್ಲುಗಳನ್ನು ನೋಡಬೇಕಾದರೆ ಕಲಬುರಗಿ ಜಿಲ್ಲೆಯಲ್ಲಿ ಭೀಮಾನದಿಯ ದಡದಲ್ಲಿರುವ ಸನ್ನತಿಗೆ ಹೋಗಬೇಕು. ಅಲ್ಲಿಯ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಕಾದೇವಿಯ ಗುಡಿಯ ಮಾಳಿಗೆ 1986ರಲ್ಲಿ ಕುಸಿದು ವಿಗ್ರಹಕ್ಕೆ ಹಾನಿಯಾಯಿತು. ವಿಗ್ರಹದ ಪೀಠವಾಗಿದ್ದ ಚಪ್ಪಡಿಯನ್ನು ನೋಡಿದರೆ ಅದು ಅಶೋಕಚಕ್ರವರ್ತಿಯ ಧರ್ಮಲಿಪಿ! ಅದರಲ್ಲಿರುವ ಶಾಸನಗಳಲ್ಲಿ ಒಂದು ಹನ್ನೆರಡನೆಯದು. ತನ್ನ ಮತವನ್ನು ಹೊಗಳುವ ಭರದಲ್ಲಿ ಪರಮತವನ್ನು ಹಳಿಯಬಾರದು, ಪರರ ಧರ್ಮವನ್ನೂ ಕಿವಿಗೊಟ್ಟು ಕೇಳಬೇಕು ಎಂಬುದು ಅದರ ತಾತ್ಪರ್ಯ. ಇನ್ನೊಂದು ಬದಿಯಲ್ಲಿ, ಪ್ರಜೆಗಳನ್ನೆಲ್ಲ ಅರಸನು ತನ್ನ ಮಕ್ಕಳೆಂದು ಭಾವಿಸುವ, ಕಳಿಂಗದ ಧೌಲಿ ಜೌಗಡಗಳಲ್ಲಿಯೂ ದೊರೆತಿರುವ, ಪ್ರತ್ಯೇಕ ಶಾಸನಗಳಿವೆ. ಇದು ಅಕ್ಷರದ ಮಾತಾಯಿತು. ಸನ್ನತಿಗೆ ಹತ್ತಿರದಲ್ಲೇ ಇರುವ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪ್ರಾಚ್ಯವಸ್ತು ಇಲಾಖೆಯವರು ಅಗೆದಾಗ ದೊರೆತ ಮಹಾಸ್ತೂಪದ ಫಲಕಗಳು ಚಿತ್ರದ ಮಾತು. ಬುದ್ಧನ ಚರಿತ್ರೆ, ಜಾತಕದ ಕಥೆಗಳು, ಅರಸರ ರೂಪಗಳು ಅಲ್ಲಿ ಸಾಲಾಗಿ ಕೆತ್ತಲ್ಪಟ್ಟಿವೆ; ಹಲವು ಚಿತ್ರಗಳ ಅಂಚಿನಲ್ಲಿ ಇದು ಇಂಥದು ಎಂದು ಬ್ರಾಹ್ಮೀ ಲಿಪಿಯಲ್ಲಿ ಪ್ರಾಕೃತದ ಚಿಕ್ಕ ಬರಹವಿದೆ. ಅಶೋಕನ ರೂಪದ ಬಳಿ 'ರಾಯ ಅಸೋಕ' ಎಂದಿರುವುದು ಈಗ ಜಗತ್ಪ್ರಸಿದ್ಧ. ಚಿತ್ರದ ಜೊತೆಗೆ ಒಂದು ಸಾಲಿನ ಬರಹ! ಇಂದಿನ ಶಿಶುವಿಹಾರದ ಪುಸ್ತಕಕ್ಕೂ ಇದಕ್ಕೂ ರಚನೆಯಲ್ಲಿ ಎಷ್ಟು ಭೇದವಿದೆಯೆಂದು ನಾನು ಕೇಳುತ್ತೇನೆ.

ಜಾತಕಗಳ ವಿಶೇಷವೊಂದುಂಟು. ಅಲ್ಲಿ ಮುಂದೆ ಬುದ್ಧನಾಗುವವನೇ ಒಮ್ಮೆ ಆನೆ, ಒಮ್ಮೆ ಜಿಂಕೆ, ಒಮ್ಮೆ ಕಪಿ. ಪ್ರಾಣಿಯು ಇಲ್ಲಿ ಪಾಠ ಹೇಳುವುದಕ್ಕೆ ನಿಲ್ಲಿಸಿದ ಬೊಂಬೆಯಲ್ಲ. 'ಅದು ನಾನೇ ಆಗಿದ್ದೆ' ಎಂದು ಹೇಳುವವನೊಬ್ಬನಿದ್ದಾನೆ. ಪರಕಾಯದೊಳಗಿನಿಂದ ಲೋಕವನ್ನು ನೋಡುವ ಈ ಉಪಾಯವೇ ಅನುಕಂಪಕ್ಕೆ ಬಾಗಿಲು. ಸಮುದ್ರದಾಚೆಯ ಜನರೂ ಈ ಕಥೆಗಳನ್ನು ತಮ್ಮವೆಂದು ಬಗೆದದ್ದಕ್ಕೆ ಇದೂ ಒಂದು ಕಾರಣವಾಗಿರಬೇಕು. ಭೀಮಾತೀರದ ಅದೇ ಹಳ್ಳಿಗಳ ಕಡೆಯಿಂದ ಬಂದ ಮಗು ಇಂದು ಯಲಹಂಕದ ಶಾಲೆಯಲ್ಲಿ ತನ್ನ ಮಾತಿನ ರಾಗಕ್ಕಾಗಿ ನಗೆಗೀಡಾಗುವುದನ್ನು ಕಂಡಾಗ, ಅದರ ಊರಿನ ಕಲ್ಲುಗಳ ಚಿತ್ರವನ್ನು ತರಗತಿಯ ಗೋಡೆಗೆ ಅಂಟಿಸಿದರೆ ಹೇಗೆ ಎಂದು ನನಗನ್ನಿಸುವುದುಂಟು.

ಪಂಚತಂತ್ರದ ಕಥೆ ಬೇರೆ. ವಿಷ್ಣುಶರ್ಮನು ಕಲಿಸಹೊರಟದ್ದು ನೀತಿಯನ್ನು, ಎಂದರೆ ಲೋಕದಲ್ಲಿ ಬಾಳುವ ಜಾಣತನವನ್ನು. ನರಿಯ ಮಾತಿಗೆ ಎತ್ತು ಸಾಯುತ್ತದೆ. ಕಥೆ ಕೇಳಿದವನು ನರಿಯಿಂದ ಎಚ್ಚರವಾಗಿರುವುದನ್ನು ಕಲಿಯುತ್ತಾನೆ. ಎತ್ತಿಗಾಗಿ ಕಣ್ಣೀರಿಡುವುದಕ್ಕೆ ಅಲ್ಲಿ ಹೆಚ್ಚು ಅವಕಾಶವಿಲ್ಲ. ಆದರೂ ಜನಾಂಗದಿಂದ ಜನಾಂಗಕ್ಕೆ ಇಷ್ಟು ಸಲೀಸಾಗಿ ನಡೆದುಹೋದ ಪುಸ್ತಕ ಇನ್ನೊಂದಿಲ್ಲ. ಆರನೆಯ ಶತಮಾನದಲ್ಲಿ ಪಾರಸಿಕ ದೊರೆ ಖುಸ್ರೊ ಅನುಶಿರ್ವಾನನ ಆಸ್ಥಾನದಲ್ಲಿ ಬರ್ಜೋಯ ಎಂಬ ವೈದ್ಯನು ಇದನ್ನು ಪಹ್ಲವಿಗೆ ತಂದನು. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾ ಎಂಬಾತನು ಅದನ್ನು 'ಕಲೀಲ ವ ದಿಮ್ನ' ಎಂಬ ಹೆಸರಿನಿಂದ ಅರಬ್ಬಿಗೆ ತಿರುಗಿಸಿದನು. ನಮ್ಮ ಕರಟಕ ದಮನಕರೇ ಆ ಕಲೀಲ ದಿಮ್ನರು. ಈ ಅರಬ್ಬಿ ಪುಸ್ತಕದ ಪೀಠಿಕೆಯಲ್ಲಿಯೇ, ಬಣ್ಣಬಣ್ಣದ ಪ್ರಾಣಿಚಿತ್ರಗಳು ಓದುಗರ ಮನಸ್ಸನ್ನು ಸೆಳೆಯುವುದಕ್ಕಾಗಿ ಇವೆಯೆಂದು ಹೇಳಿದೆ; ಹದಿಮೂರನೆಯ ಶತಮಾನದ ಸಚಿತ್ರ ಪ್ರತಿಯೊಂದು ಪ್ಯಾರಿಸಿನ ಗ್ರಂಥಭಂಡಾರದಲ್ಲಿದೆ. ಕನ್ನಡಕ್ಕೆ ಇದನ್ನು ತಂದವನು ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ ದುರ್ಗಸಿಂಹ, ಸುಮಾರು 1031ರಲ್ಲಿ. ಆತನು ಅನುಸರಿಸಿದ್ದು ವಸುಭಾಗಭಟ್ಟನ ಪಾಠವನ್ನು. ಅದೇ ಪಾಠದ ಕವಲುಗಳು ಜಾವಾ ದ್ವೀಪದ 'ತಂತ್ರಿ' ಕಥೆಗಳಲ್ಲಿ ಇವೆಯೆಂದು ಮೈಸೂರಿನ ವಿದ್ವಾಂಸರಾದ ಎ. ವೆಂಕಟಸುಬ್ಬಯ್ಯನವರು ಶ್ರಮಪಟ್ಟು ತೋರಿಸಿಕೊಟ್ಟರು. ಹೀಗೆ ಬಳ್ಳಿಗಾವೆಯ ತ್ರಿಪುರಾಂತಕೇಶ್ವರನ ಗುಡಿಯ ಕಲ್ಲಿನಲ್ಲಿ ಪಂಚತಂತ್ರದ ಚಿತ್ರಗಳನ್ನು ಕಂಡ ನಮ್ಮ ಮಗುವೂ, ಅರಬ್ಬಿ ಮಗುವೂ, ಜಾವಾದ ಮಗುವೂ ಒಂದೇ ಕಥೆಯ ಒಕ್ಕಲು. ಆದರೆ ಈ ಮೂವರಿಗೂ ಒಬ್ಬರು ಇನ್ನೊಬ್ಬರಿದ್ದಾರೆಂಬುದು ತಿಳಿಯದು. ಕಥೆ ಪ್ರಯಾಣಮಾಡಿತು, ಅದನ್ನು ಹೇಳಿದ ಜನ ಕಥೆಯ ಬೆನ್ನಮೇಲೆ ಬರಲಿಲ್ಲ. ಪರದೇಶದ ಕಥೆಯನ್ನು ಓದಿಸಿದ ಮಾತ್ರಕ್ಕೆ ಪರದೇಶದವನ ಮೇಲೆ ಮರುಕ ಹುಟ್ಟುವುದೆಂದು ನಂಬುವವರು ಇದನ್ನು ಗಮನಿಸತಕ್ಕದ್ದು.

ಇದೇ ಪ್ರಸಂಗದಲ್ಲಿ ಗೋವಿನ ಹಾಡನ್ನು ನೆನೆಯಬೇಕು. ಕರ್ತೃವಿನ ಹೆಸರು ತಿಳಿಯದ ಈ ಜನಪದ ಹಾಡು ಶಾಲೆಯ ಪುಸ್ತಕಗಳನ್ನು ಸೇರಿ, ಪುಣ್ಯಕೋಟಿಯ ಹೆಸರು ಗೊತ್ತಿಲ್ಲದ ಕನ್ನಡ ಮಗುವೇ ಇಲ್ಲವೆನ್ನುವಷ್ಟು ಪ್ರಸಿದ್ಧವಾಗಿದೆ. ಬೆಂಗಳೂರಿನ ರವಿಶಂಕರ್ ಎಂಬವರು ಹಲವರ ವಂತಿಗೆಯಿಂದ ಇದನ್ನು ಸಂಸ್ಕೃತದಲ್ಲಿ ಚಲಿಸುವ ಚಿತ್ರವನ್ನಾಗಿ ಮಾಡಿ 2020ರಲ್ಲಿ ಹೊರತಂದರು; ಪಾಠಶಾಲೆಯಲ್ಲಿ ಓದಿದ ನನ್ನಂಥವರಿಗೆ ಹಸು ಹುಲಿಗಳು ಗೀರ್ವಾಣದಲ್ಲಿ ಮಾತಾಡುವುದನ್ನು ಕೇಳುವುದು ಒಂದು ಸಂತೋಷ. ಈ ಹಾಡನ್ನು ನಾವು ಸತ್ಯದ ಪಾಠವೆಂದು ಕಲಿಸುತ್ತೇವೆ. ಆಡಿದ ಮಾತಿಗೆ ತಪ್ಪದೆ ಹಸು ಹಿಂದಿರುಗಿತೆಂಬುದೇ ಪರೀಕ್ಷೆಯ ಪ್ರಶ್ನೆ. ಆದರೆ ಕಥೆಯ ಮರ್ಮ ಅದಕ್ಕಿಂತ ಮುಂದೆ, ಹುಲಿಯ ಮನಸ್ಸು ತಿರುಗುವಲ್ಲಿ ಇದೆ. ತನ್ನ ಆಹಾರವೆಂದು ಬಗೆದಿದ್ದ ಪ್ರಾಣಿಯಲ್ಲಿ ಒಡಹುಟ್ಟನ್ನು ಕಂಡ ಕೂಡಲೆ ಹುಲಿಯು ಮೊದಲಿನ ಹುಲಿಯಾಗಿ ಉಳಿಯಲಾರದೆ ಹೋಗುತ್ತದೆ. ಅನುಕಂಪ ಎಂಬ ಪದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ತಿಳಿಯದು.

ಇಷ್ಟು ಹೊತ್ತು ನೋಡಿದ್ದು ಕಲ್ಲಿನ, ಓಲೆಯ, ಬಾಯಿಮಾತಿನ ಚರಿತ್ರೆ. ಅಚ್ಚಾದ ಚಿತ್ರಪುಸ್ತಕದ ಚರಿತ್ರೆಗೆ ಯುರೋಪಿಗೆ ಹೋಗಬೇಕು. ಅದರಲ್ಲಿಯೂ ಜರ್ಮನಿಯ ನ್ಯೂರೆಂಬರ್ಗ್ ಎಂಬ ಒಂದೇ ಊರಿನಲ್ಲಿ ನಡೆದ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಮೊರೇವಿಯ ದೇಶದ ಕಮೇನಿಯಸ್ (1592-1670) ಎಂಬ ಉಪಾಧ್ಯಾಯನು ಮೂವತ್ತು ವರ್ಷದ ಮತಯುದ್ಧದಲ್ಲಿ ಮನೆಮಠ ಕಳೆದುಕೊಂಡವನು. ಹೆಂಡತಿ ಮಕ್ಕಳು ಪಿಡುಗಿಗೆ ಬಲಿಯಾದರು, ತಾಯ್ನಾಡಿನಿಂದ ಓಡಬೇಕಾಯಿತು, ಆಶ್ರಯ ಪಡೆದ ಪೋಲೆಂಡಿನ ಲೆಷ್ನೊ ಪಟ್ಟಣವು 1656ರಲ್ಲಿ ಸುಟ್ಟಾಗ ಬಹುಕಾಲದ ಹಸ್ತಪ್ರತಿಗಳೂ ಬೂದಿಯಾದವು. ಅದಾದ ಎರಡೇ ವರ್ಷಕ್ಕೆ, 1658ರಲ್ಲಿ, ಈತನ 'ಚಿತ್ರಿತ ಲೋಕ'ವು ನ್ಯೂರೆಂಬರ್ಗಿನಲ್ಲಿ ಅಚ್ಚಾಯಿತು. ಸುಮಾರು 150 ಪಾಠಗಳು. ಪಾಠಕ್ಕೊಂದು ಮರದಚ್ಚಿನ ಚಿತ್ರ. ಚಿತ್ರದೊಳಗಿನ ವಸ್ತುಗಳಿಗೆ ಅಂಕೆ ಹಾಕಿ, ಅದೇ ಅಂಕೆಯನ್ನು ಲ್ಯಾಟಿನಿನಲ್ಲಿಯೂ ಜರ್ಮನಿನಲ್ಲಿಯೂ ಇರುವ ಪದಗಳಿಗೆ ಕೊಟ್ಟಿದ್ದಾನೆ. ಮಕ್ಕಳಿಗಾಗಿಯೇ ಮಾಡಿದ ಸಚಿತ್ರ ಪಠ್ಯಗಳಲ್ಲಿ ಇದು ಮೂಲಪುರುಷನಿದ್ದಂತೆ. ಮಾನವತೆ ಎಂಬುದಕ್ಕೇ ಅದರಲ್ಲಿ ಒಂದು ಪಾಠವಿದೆ. ಕ್ರೈಸ್ತೇತರ ಮತಗಳನ್ನು ಹೇಳುವ ಪಾಠಗಳಲ್ಲಿ ಮಾತ್ರ ಆತನ ಕೈ ಬಿಗಿಯಾಯಿತೆಂದು ಒಪ್ಪಬೇಕು. ಕಾಲದ ಗೆರೆಯನ್ನು ಅಷ್ಟು ಸುಲಭವಾಗಿ ದಾಟಬಲ್ಲವರು ವಿರಳ.

ಅದೇ ನ್ಯೂರೆಂಬರ್ಗಿನಲ್ಲಿ, ಸರಿಯಾಗಿ 280 ವರ್ಷಗಳ ತರುವಾಯ, 1938ರಲ್ಲಿ ಮಕ್ಕಳಿಗಾಗಿ ಇನ್ನೊಂದು ಚಿತ್ರಪುಸ್ತಕ ಹೊರಟಿತು. ಹೆಸರು 'ವಿಷದ ಅಣಬೆ'. ಯೂಲಿಯಸ್ ಸ್ಟ್ರೈಖರ್ ಎಂಬ ನಾಜಿಯ ಪ್ರಕಾಶನದ್ದು. ತಾಯಿ ಮಗುವನ್ನು ಕಾಡಿಗೆ ಕರೆದುಕೊಂಡು ಹೋಗಿ ಒಳ್ಳೆಯ ಅಣಬೆ ಯಾವುದು, ವಿಷದ್ದು ಯಾವುದು ಎಂದು ತೋರಿಸುತ್ತಾಳೆ. ಮನುಷ್ಯರಲ್ಲಿಯೂ ಹಾಗೆಯೇ ಎನ್ನುತ್ತಾಳೆ. ಯೆಹೂದ್ಯರೇ ಆ ವಿಷ ಎನ್ನುತ್ತಾಳೆ. ಬಣ್ಣದ ಚಿತ್ರಗಳು, ಸರಳವಾದ ಮಾತು, ಸಣ್ಣ ಸಣ್ಣ ಕಥೆಗಳು. ಬೋಧನಾಕ್ರಮದ ದೃಷ್ಟಿಯಿಂದ ಅದರಲ್ಲಿ ಕೊರತೆಯೇನೂ ಇಲ್ಲ ಎಂಬುದೇ ಎದೆ ನಡುಗಿಸುವ ಸಂಗತಿ. ಸ್ಟ್ರೈಖರನನ್ನು ಯುದ್ಧಾನಂತರ ಅದೇ ಊರಿನ ನ್ಯಾಯಾಲಯದಲ್ಲಿ ವಿಚಾರಿಸಿ 1946ರ ಅಕ್ಟೋಬರಿನಲ್ಲಿ ಗಲ್ಲಿಗೇರಿಸಿದರು. ಈ ಪುಸ್ತಕವೂ ಅವನ ಮೇಲೆ ಸಾಕ್ಷಿಯಾಗಿ ನಿಂತಿತು. ಚಿತ್ರಪುಸ್ತಕವು ಸ್ವಭಾವತಃ ಒಳ್ಳೆಯ ವಸ್ತುವೆಂದು ಎಣಿಸಿ ಯಾವುದನ್ನಾದರೂ ಮಗುವಿನ ಕೈಗೆ ಕೊಡುವವರು ಈ ಎರಡು ಪುಸ್ತಕಗಳನ್ನೂ ನೆನೆಯಬೇಕು. ನಮ್ಮಲ್ಲಿ ಪುರಾಣದ ಚಿತ್ರಕಥೆಗಳನ್ನು ಬರೆಯುವವರು ದೇವತೆಗಳಿಗೆ ಬಿಳಿಯ ಮೈಯನ್ನೂ ರಾಕ್ಷಸರಿಗೆ ಕಪ್ಪು ಮೈಯನ್ನೂ ಕೊಡುತ್ತ ಬಂದಿರುವುದು ಇದರಷ್ಟು ಘೋರವಲ್ಲ, ನಿಜ. ಆದರೂ ತರಗತಿಯ ಕಪ್ಪು ಮಗು ಅದನ್ನು ನೋಡುತ್ತಿರುತ್ತದೆ.

ಸ್ಟ್ರೈಖರನ ಗಲ್ಲಿನ ವರ್ಷವೇ ಜರ್ಮನಿಯಲ್ಲಿ ಇದಕ್ಕೆ ಮದ್ದನ್ನು ಹುಡುಕಿದವಳು ಯೆಲ್ಲಾ ಲೆಪ್ಮನ್. ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದ ಯೆಹೂದ್ಯ ಸ್ತ್ರೀ. ನಾಜಿಗಳ ಕಾಟದಿಂದ ಇಂಗ್ಲೆಂಡಿಗೆ ಹೋಗಿದ್ದವಳು. 1945ರಲ್ಲಿ ಅಮೆರಿಕದ ಸೇನೆಯ ಸಲಹೆಗಾರ್ತಿಯಾಗಿ, ಹೆಂಗಸರ ಮತ್ತು ಮಕ್ಕಳ ಹಿತವನ್ನು ನೋಡಿಕೊಳ್ಳಲು ಹಿಂದಿರುಗಿದಳು. ಪಾಳುಬಿದ್ದ ಪಟ್ಟಣಗಳಲ್ಲಿ ಮಕ್ಕಳು ಹಸಿದು ಅಲೆಯುತ್ತಿದ್ದಾಗ ಈಕೆ ನಾನಾ ದೇಶಗಳ ಪ್ರಕಾಶಕರಿಗೆ, ನಿಮ್ಮ ಮಕ್ಕಳ ಪುಸ್ತಕಗಳನ್ನು ಕಳುಹಿಸಿರೆಂದು ಕಾಗದ ಬರೆದಳು. ಎರಡು ಸಲ ಜರ್ಮನರ ದಾಳಿಗೆ ಸಿಕ್ಕಿದ್ದ ಬೆಲ್ಜಿಯಮ್ಮಿನವರು ಮೊದಲು ಒಲ್ಲೆವೆಂದರು. ಮೂರನೆಯ ಸಲ ಅದು ಆಗದಿರಲಿ ಎಂಬುದಕ್ಕಾಗಿಯೇ ಕೇಳುತ್ತಿದ್ದೇನೆಂಬ ಭಾವದ ಮರುಕಾಗದವನ್ನು ಈಕೆ ಬರೆದ ಮೇಲೆ ಕಳುಹಿಸಿದರು. 1946ರಲ್ಲಿ ಮ್ಯೂನಿಕ್ಕಿನಲ್ಲಿ, ನಾಜಿಗಳು ತಮ್ಮ ಕಲೆಯ ಮೆರವಣಿಗೆಗೆಂದು ಕಟ್ಟಿಸಿದ್ದ ಭವನದಲ್ಲಿಯೇ, ಆ ಪುಸ್ತಕಗಳ ಪ್ರದರ್ಶನ ತೆರೆಯಿತು. ಜರ್ಮನ್ ಮಕ್ಕಳಿಗೆ ಪರಭಾಷೆ ಬಾರದು, ಚಿತ್ರವನ್ನು ನೋಡಬಲ್ಲರಷ್ಟೆ. ನೋಡಿದರು. ಆ ಸಂಗ್ರಹದಿಂದಲೇ 1949ರಲ್ಲಿ ಮ್ಯೂನಿಕ್ಕಿನ ಅಂತರರಾಷ್ಟ್ರೀಯ ಬಾಲಗ್ರಂಥಾಲಯವು ಹುಟ್ಟಿತು, ಇಂದಿಗೂ ನಡೆಯುತ್ತಿದೆ.

ಈ ಪ್ರದರ್ಶನವು ಬರ್ಲಿನ್ನಿಗೆ ಹೋದಾಗ ಲೆಪ್ಮನ್ನಳು ಒಂದು ಪುಸ್ತಕವನ್ನು ತಾನೇ ಜರ್ಮನಿಗೆ ತಿರುಗಿಸಿ, ಸುದ್ದಿಪತ್ರಿಕೆಯ ಕಾಗದದ ಮೇಲೆ 30,000 ಪ್ರತಿ ಅಚ್ಚುಹಾಕಿಸಿ, ಕ್ರಿಸ್ಮಸ್ಸಿನಲ್ಲಿ ಮಕ್ಕಳಿಗೆ ಹಂಚಿದಳು. ಅದು ಫರ್ಡಿನೆಂಡ್ ಎಂಬ ಗೂಳಿಯ ಕಥೆ. ಅಮೆರಿಕದ ಮನ್ರೊ ಲೀಫ್ ಬರೆದು ರಾಬರ್ಟ್ ಲಾಸನ್ ಚಿತ್ರಿಸಿ 1936ರಲ್ಲಿ ಪ್ರಕಟವಾದದ್ದು. ಸ್ಪೇನಿನ ಗೂಳಿಯೊಂದು ಕಾಳಗವನ್ನೊಲ್ಲದೆ ಮರದ ನೆರಳಿನಲ್ಲಿ ಹೂವಿನ ಪರಿಮಳವನ್ನು ಮೂಸುತ್ತ ಕೂರುತ್ತದೆ. ಕಣದೊಳಕ್ಕೆ ನೂಕಿದರೂ ಹೆಂಗಸರ ಮುಡಿಯ ಹೂವನ್ನು ಮೂಸುತ್ತ ಕುಳಿತುಬಿಡುತ್ತದೆ. ಕೊನೆಗೆ ಮನೆಗೆ ಹಿಂದಿರುಗುತ್ತದೆ. ನೀತಿವಾಕ್ಯವೊಂದೂ ಇಲ್ಲ. ಯುದ್ಧ ಕೆಟ್ಟದ್ದೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಹೀಗಿದ್ದೂ ನಾಜಿ ಜರ್ಮನಿಯಲ್ಲಿಯೂ ಸ್ಪೇನಿನಲ್ಲಿಯೂ ಈ ಗೂಳಿಗೆ ನಿಷೇಧವಿತ್ತು! ಬೋಧನೆಯಿಲ್ಲದ ಚಿತ್ರದ ಬಲವನ್ನು ಸರ್ವಾಧಿಕಾರಿಗಳು ನಮ್ಮ ಪಠ್ಯಪುಸ್ತಕದ ಕರ್ತೃಗಳಿಗಿಂತ ಚೆನ್ನಾಗಿ ಬಲ್ಲರೇನೊ.

ಇನ್ನು ಕನ್ನಡದ ಅಚ್ಚಿನ ಕಡೆಗೆ ಬರೋಣ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನಿಟ್ಟು ಶಾಲಾಪುಸ್ತಕಗಳಿಗೆ ದಾರಿ ಮಾಡಿದರು. ಪಂಜೆ ಮಂಗೇಶರಾಯರು ಮಕ್ಕಳ ಕಥೆ ಹಾಡುಗಳಿಗೆ ಮರ್ಯಾದೆ ತಂದರು. ಫರ್ಡಿನೆಂಡ್ ಹುಟ್ಟಿದ 1936ನೆಯ ವರ್ಷದಲ್ಲಿಯೇ ಶಿವರಾಮ ಕಾರಂತರ 'ಬಾಲ ಪ್ರಪಂಚ'ದ ಮೂರು ಸಂಪುಟಗಳು ಹೊರಬಂದದ್ದು ನಮ್ಮ ಭಾಷೆಯಲ್ಲಿ ದೊಡ್ಡ ಘಟನೆ. ಅದು ಕಥಾಪುಸ್ತಕವಲ್ಲ, ಸಚಿತ್ರ ಜ್ಞಾನಕೋಶ; ಒಬ್ಬರೇ ವ್ಯಕ್ತಿ ಹೊತ್ತ ಹೊರೆ. ತೆಂಗಿನ ತೋಟದಾಚೆ ಬೇರೆ ಬಗೆಯ ಮನುಷ್ಯರೂ ಬೇರೆ ಬಗೆಯ ಜೀವನವೂ ಇವೆಯೆಂದು ಕನ್ನಡ ಮಗುವಿಗೆ ತೋರಿಸಿದ ಕಿಟಕಿ. ಗೊತ್ತಿಲ್ಲದವರ ಮೇಲೆ ಮರುಕ ಹುಟ್ಟುವುದೆಂತು? ಕಾರಂತರು ಮೊದಲು ಗೊತ್ತುಮಾಡಿಸಿದರು.

ಬೆಂಗಳೂರಿಗೆ ಸೇರಿದ, ಬಹುಮಂದಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ಭಾರತದಲ್ಲೆಲ್ಲ ಮನೆಮಾತಾದ 'ಅಮರ ಚಿತ್ರ ಕಥೆ'ಯ ಮೊದಲ ಹತ್ತು ಪುಸ್ತಕಗಳು 1965ರಲ್ಲಿ ಹೊರಟದ್ದು ಕನ್ನಡದಲ್ಲಿ. ಇಂಡಿಯ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಪ್ರಯತ್ನವದು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳ ಸಂಪಾದಕತ್ವದಲ್ಲಿ ಇಂಗ್ಲಿಷಿನ 'ಕೃಷ್ಣ' ಬಂದದ್ದು ತರುವಾಯ. ಆದುದರಿಂದಲೇ ಅದಕ್ಕೆ ಹನ್ನೊಂದನೆಯ ಸಂಖ್ಯೆ. ಆ ಮೊದಲ ಹತ್ತು ಯಾವುವು? ಸಿಂಡರೆಲ್ಲ, ಅಲ್ಲಾವುದ್ದೀನ್, ಪಿನೋಕಿಯೊ ಮೊದಲಾದ ಪರದೇಶದ ಕಥೆಗಳು! ಹೀಗೆ ಸ್ವದೇಶದ ಪುರಾಣಗಳಿಗೆ ಹೆಸರಾದ ಮಾಲಿಕೆಯು ಪರದೇಶದ ಮಲತಾಯಿಯ ಕೈಗೆ ಸಿಕ್ಕ ಹುಡುಗಿಗಾಗಿ ಕನ್ನಡ ಮಕ್ಕಳು ಮರುಗುವಂತೆ ಮಾಡಿ ಪ್ರಾರಂಭವಾಯಿತು. ದೆಹಲಿಯ ನ್ಯಾಷನಲ್ ಬುಕ್ ಟ್ರಸ್ಟ್, ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಎರಡೂ 1957ರವು. ಜಪಾನಿನ 'ತೊತ್ತೊ ಚಾನ್' ಕನ್ನಡಕ್ಕೆ ಬಂದದ್ದು ಇವುಗಳಲ್ಲಿ ಮೊದಲನೆಯದರ ಮೂಲಕ. ಪೋಲಿಯೊದಿಂದ ಕಾಲು ಕುಂದಿದ ಗೆಳೆಯನನ್ನು ಆ ಹುಡುಗಿ ಏಣಿ ತಂದು ತನ್ನ ಮರಕ್ಕೆ ಹತ್ತಿಸಿಕೊಳ್ಳುವ ಪ್ರಸಂಗವನ್ನು ಓದಿ ಹೇಳುವಾಗ ತರಗತಿ ಮಾತಿಲ್ಲದೆ ಕುಳಿತುಕೊಳ್ಳುವುದನ್ನು ಕಂಡಿದ್ದೇನೆ. ಅವಳು ಅವನಿಗೆ ಏನನ್ನೂ ದಾನ ಮಾಡುವುದಿಲ್ಲ. ತನ್ನ ಮರಕ್ಕೆ ಅತಿಥಿಯಾಗಿ ಕರೆಯುತ್ತಾಳೆ. ಸೋವಿಯತ್ ದೇಶದ ಮಕ್ಕಳ ಪುಸ್ತಕಗಳು ಒಂದು ಕಾಲದಲ್ಲಿ ಅಗ್ಗದ ಬೆಲೆಗೆ, ಕಣ್ಣು ತುಂಬುವ ಬಣ್ಣಗಳೊಡನೆ ನಮ್ಮ ಪೇಟೆಗಳಲ್ಲಿ ಸಿಕ್ಕುತ್ತಿದ್ದವು; 1991ರಲ್ಲಿ ಆ ರಾಜ್ಯವು ಒಡೆದ ಮೇಲೆ ಆ ಝರಿ ಬತ್ತಿತು.

ಈಗಿನದು ಇನ್ನೊಂದು ಘಟ್ಟ. ಬೆಂಗಳೂರಿನಲ್ಲಿ 2004ರಲ್ಲಿ ಲಾಭದ ಉದ್ದೇಶವಿಲ್ಲದೆ ಸ್ಥಾಪಿತವಾದ ಪ್ರಥಮ್ ಬುಕ್ಸ್ ಸಂಸ್ಥೆಯು ಅನೇಕ ಭಾರತೀಯ ಭಾಷೆಗಳಲ್ಲಿ ಅಗ್ಗದ ಚಿತ್ರಪುಸ್ತಕಗಳನ್ನು ಅಚ್ಚುಹಾಕುತ್ತ ಬಂದು, 2015ರ ಸೆಪ್ಟೆಂಬರ್ 8ರಂದು, ಅಕ್ಷರತೆಯ ದಿನ, 'ಸ್ಟೋರಿವೀವರ್' ಎಂಬ ಭಂಡಾರವನ್ನು ಗಣಕಜಾಲದಲ್ಲಿ ತೆರೆಯಿತು. ಅದರ ಕ್ರಮ ಸರಳ. ಚಿತ್ರವೂ ಕಥೆಯೂ ಮುಕ್ತ ಪರವಾನಗಿಯಲ್ಲಿ ಇರುತ್ತವೆ. ಕರ್ತೃವಿನ, ಚಿತ್ರಕಾರನ ಹೆಸರನ್ನು ಉಳಿಸಿಕೊಂಡು ಯಾರಾದರೂ ಅದನ್ನು ತಮ್ಮ ಭಾಷೆಗೆ ತಿರುಗಿಸಬಹುದು, ಅಚ್ಚುಹಾಕಿಕೊಳ್ಳಬಹುದು. ಈಗ ಅಲ್ಲಿ 300ಕ್ಕೂ ಹೆಚ್ಚು ಭಾಷೆಗಳ ಪುಸ್ತಕಗಳಿವೆ. ಚಿತ್ರ ಒಂದೇ; ಕೆಳಗಿನ ಸಾಲು ಮಾತ್ರ ಬೇರೆ ಬೇರೆ. ಕನಗನಹಳ್ಳಿಯ ಶಿಲ್ಪಿಗೆ ಈ ಏರ್ಪಾಟು ತಟ್ಟನೆ ಅರ್ಥವಾಗುತ್ತಿತ್ತು. ಚಿತ್ರಕಾರರಿಗೂ ನಮ್ಮ ಕಡೆ ಕೊರತೆಯಿಲ್ಲ. ಯಲಹಂಕದಲ್ಲಿ 1996ರಲ್ಲಿ ಪ್ರಾರಂಭವಾದ ಸೃಷ್ಟಿ ಕಲಾಶಾಲೆಯಲ್ಲಿ ಚಿತ್ರವಿನ್ಯಾಸವನ್ನು ಕಲಿಯುವ ತರುಣರು ನಮ್ಮ ಬೀದಿಗಳಲ್ಲೇ ಓಡಾಡುತ್ತಿದ್ದಾರೆ.

ನಾನು ನಿವೃತ್ತನಾದ ಮೇಲೆ ಸಮೀಪದ ಶಾಲೆಯೊಂದಕ್ಕೆ ವಾರಕ್ಕೊಮ್ಮೆ ಹೋಗಿ ಕಥೆ ಓದುವ ರೂಢಿಯನ್ನಿಟ್ಟುಕೊಂಡಿದ್ದೇನೆ. ಅಲ್ಲಿ ಕಂಡುಬಂದದ್ದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಒಂದೇ ಪುಸ್ತಕದ ಕನ್ನಡದ ಪ್ರತಿಯನ್ನೂ ಒಡಿಯಾ ಪ್ರತಿಯನ್ನೂ ಅಕ್ಕಪಕ್ಕದಲ್ಲಿಟ್ಟಾಗ, ಅಂದಿನವರೆಗೆ ಮೂಕನಂತಿದ್ದ ಒಡಿಯಾ ಹುಡುಗನು ಅರ್ಧ ಗಂಟೆಯ ಕಾಲ ತರಗತಿಗೆ ಗುರುವಾದನು. ಉಳಿದವರು ಅವನ ಹಿಂದೆ ಪದಗಳನ್ನು ಉಚ್ಚರಿಸಿ ತಪ್ಪಿದರು, ಅವನು ನಕ್ಕನು, ಅವರೂ ನಕ್ಕರು. ಅಲ್ಲಿಯವರೆಗೆ ನಗುವ ಅಧಿಕಾರ ಒಂದು ಕಡೆಗೇ ಇತ್ತಷ್ಟೆ. ಎರಡನೆಯದು, ಕಥೆ ಮುಗಿದ ಕೂಡಲೆ 'ಇದರಿಂದ ಏನು ಕಲಿತಿರಿ' ಎಂದು ಕೇಳುವ ನಮ್ಮ ಚಾಳಿ. ಹಾಗೆ ಕೇಳಿದೊಡನೆ ಮಕ್ಕಳು ನೆಟ್ಟಗೆ ಕುಳಿತು, ದೀನರಲ್ಲಿ ದಯೆಯಿರಬೇಕು ಎಂದು ಒಕ್ಕೊರಲಿನಿಂದ ಹೇಳುವರು. ಅಲ್ಲಿಗೆ ಕಥೆ ಸತ್ತಿತು. ಕೇಳದೆ ಚಿತ್ರವನ್ನು ತೆರೆದಿಟ್ಟು ಸುಮ್ಮನಿದ್ದರೆ ಬೇರೆಯ ಮಾತುಗಳು ಹೊರಡುತ್ತವೆ. ಗೋವಿನ ಹಾಡಿನ ಕೊನೆಯ ಚಿತ್ರವನ್ನು ಹಾಗೆ ತೆರೆದಿಟ್ಟಿದ್ದಾಗ, ಅಣಕಕ್ಕೆ ಹೆದರಿ ಎಂದೂ ಬಾಯಿ ಬಿಡದಿದ್ದ ಯಾದಗಿರಿಯ ಹುಡುಗಿ ಕೇಳಿದಳು: "ಹುಲಿಗಿ ಮರಿ ಇದ್ದಿಲ್ಲೇನ್ರಿ ಸರ?" ಈ ಸಲ ಯಾರೂ ಅವಳ ರಾಗವನ್ನು ಅಣಕಿಸಲಿಲ್ಲ. ಎಲ್ಲರೂ ಹುಲಿಯ ಮರಿಗಳ ವಿಚಾರದಲ್ಲಿ ಮಗ್ನರಾಗಿದ್ದರು. ಎಷ್ಟು ಮರಿ, ಎಲ್ಲಿದ್ದವು, ಅವುಗಳಿಗೆ ಹಾಲು ಯಾರು ಕೊಟ್ಟರು ಎಂದು. ಕರುವಿನ ತಾಯಿಗಾಗಿ ಅಳಲು ಹಾಡೇ ನಮಗೆ ಕಲಿಸಿತ್ತು. ಹುಲಿಯ ಮರಿಗಾಗಿ ಮರುಗಿದ್ದು ಆ ಮಗುವಿನ ಸ್ವಂತದ್ದು.

ಆಗಬೇಕಾದ ಕೆಲಸ ಬಹಳ ಉಳಿದಿದೆ. ಬಡ ಮಗುವು ಪುಸ್ತಕದಲ್ಲಿ ಬಂದರೆ ಕೈ ನೀಡಿ ಪಡೆಯುವುದಕ್ಕೇ ಬರುತ್ತದೆ. ಅನುಕೂಲಸ್ಥರ ಮಗುವು ಕೊಡುವುದಕ್ಕೇ ಬರುತ್ತದೆ. ಧಾತುಪಾಠ ಹೇಳುವ ಆ ಇನ್ನೊಂದು ಅರ್ಥದ ದಯೆ ಇದು. ಕಟ್ಟಡದ ಕೂಲಿಯವರ ಮಗು ಹಾಸ್ಯಮಾಡುವ, ಜಗಳವಾಡುವ, ಜಾಣತನ ತೋರುವ ಪುಸ್ತಕಗಳು ಇನ್ನೂ ವಿರಳ; ಕಲಬುರಗಿ, ಯಾದಗಿರಿಗಳ ಆಡುನುಡಿಯಲ್ಲಿ ಬರೆದ ಚಿತ್ರಪುಸ್ತಕಗಳಂತೂ ಕೈಬೆರಳಿನಲ್ಲಿ ಎಣಿಸುವಷ್ಟು. ಸರಕಾರವು 2020ರಲ್ಲಿ 'ಓದುವ ಬೆಳಕು' ಎಂಬ ಹೆಸರಿನಿಂದ ಗ್ರಾಮಪಂಚಾಯಿತಿಯ ಗ್ರಂಥಾಲಯಗಳನ್ನು ಮಕ್ಕಳಿಗೆ ಶುಲ್ಕವಿಲ್ಲದೆ ತೆರೆಯಿತು. ಯಲಹಂಕದ ಸುತ್ತಿನ ಹಳ್ಳಿಗಳಲ್ಲಿರುವ ಆ ಗ್ರಂಥಾಲಯಗಳಿಗೆ ಪುಸ್ತಕ ಕೊಡಿಸುವ ಮನಸ್ಸುಳ್ಳವರು ಒಂದೊಂದು ಚಿತ್ರಪುಸ್ತಕವನ್ನು ಎರಡು ಭಾಷೆಗಳಲ್ಲಿ ಕೊಡಿಸಲಿ. ಕಥೆ ಮುಗಿದ ಮೇಲೆ ಕೆಳಗೆ ನೀತಿಯನ್ನು ಅಚ್ಚುಹಾಕಿರುವ ಪುಸ್ತಕವಾದರೆ ಆ ಸಾಲಿನ ಮೇಲೆ ಒಂದು ಬಿಳಿಯ ಚೀಟಿಯನ್ನು ಅಂಟಿಸಿ ಕೊಟ್ಟರೂ ಆದೀತು.